ಶ್ರೀಧರ ರಂಗಾಯನ್ ಅವರ ಚಿತ್ರಗಳು
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಬಂಗಾಲಿ ಚಲನಚಿತ್ರವೆಂದರೆ ನಾವು ಸತ್ಯಜಿತ್ ರಾಯರಲ್ಲಿಗೇ ನಿಲ್ಲುತ್ತೇವೆ. ಅವರು 1992ರಲ್ಲಿ ತೀರಿಕೊಂಡ ಮೇಲೆ, ಚಿತ್ರಮಂದಿರಕ್ಕೆ ಬೆನ್ನು ತಿರುಗಿಸಿದ್ದ ಮಧ್ಯಮವರ್ಗದವರನ್ನು ಮತ್ತೆ ಕರೆತಂದವರಲ್ಲಿ ಋತುಪರ್ಣ ಘೋಷ್ ಮುಖ್ಯರು. 1994ರ ಅವರ ‘ಉನಿಶೆ ಏಪ್ರಿಲ್’ನಲ್ಲಿ ಕತ್ತಿವರಸೆಯಿಲ್ಲ, ಓಟವಿಲ್ಲ, ತಾಯಿ ಮಗಳು ಮನೆಯೊಳಗೆ ಕುಳಿತು ಮನಸ್ಸು ಬಿಚ್ಚುತ್ತಾರೆ, ಅಷ್ಟೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಾಡಿಗೆ ಒಡವೆ ತೊಟ್ಟು ಸಭೆಗೆ ಬರಲು ಅಳುಕದಿದ್ದ ಆ ನಿರ್ದೇಶಕರು 2013ರಲ್ಲಿ, ಐವತ್ತು ತುಂಬುವ ಮೊದಲೇ, ಹೋಗಿಬಿಟ್ಟರು.

ಅದೇ ದಾರಿ ಹಿಡಿದ ಕನ್ನಡಿಗರೊಬ್ಬರುಂಟು. ಮಂಡ್ಯದಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿ, ತಾವು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡ ಶ್ರೀಧರ ರಂಗಾಯನ್. 2003ರ ‘ಗುಲಾಬಿ ಆಯಿನಾ’ಕ್ಕೆ ಸೆನ್ಸಾರಿನವರು ಪ್ರಮಾಣಪತ್ರ ಕೊಡಲಿಲ್ಲ, ಚಿತ್ರ ಪರದೇಶದ ಉತ್ಸವಗಳನ್ನು ಸುತ್ತಿತು. ಅವರು ಸುಮ್ಮನಾಗದೆ 2010ರಲ್ಲಿ ಮುಂಬಯಿಯಲ್ಲಿ ‘ಕಶಿಶ್’ ಎಂಬ ಚಿತ್ರೋತ್ಸವವನ್ನೇ ಕಟ್ಟಿದರು. ಇಂಥ ಚಿತ್ರ ಮಾಡಿದ ಬೇರೆಯವರಿಗೂ ಒಂದು ಪರದೆ ಸಿಕ್ಕಿತು.

ನಾವು ವಿಶೇಷವಾಗಿ ಹೇಳಬೇಕೆಂದಿರುವುದು 2018ರ ‘ಈವನಿಂಗ್ ಶಾಡೋಸ್’ ಬಗ್ಗೆ. ಮುಂಬಯಿಯಲ್ಲಿರುವ ಮಗ ಕರ್ನಾಟಕದ ಸಣ್ಣ ಊರಿನ ತನ್ನ ಮನೆಗೆ ಬರುತ್ತಾನೆ. ಅಲ್ಲಿ ಮದುವೆಯ ಮಾತು. ಅವನು ನಿಜವನ್ನು ತಾಯಿಗೆ ಹೇಳಿಬಿಡುತ್ತಾನೆ. ಅಲ್ಲಿಂದಾಚೆ ಕಥೆ ತಾಯಿಯದು. ಗಂಡನ ಮುಖ ನೋಡಿಯೇ ಬಾಳಿದ ಹೆಂಗಸು ತನ್ನಷ್ಟಕ್ಕೆ ತಾನೇ ಯೋಚಿಸಬೇಕಾಗುತ್ತದೆ. ಮೋನಾ ಅಂಬೇಗಾಂವಕರ್ ಅವರ ಮುಖದಲ್ಲಿ ಆ ತಳಮಳ ಕಾಣುತ್ತದೆ. ಊರಿಗೆ ಫೋನು ಮಾಡಿದಾಗ ಸಂಬಳ, ಊಟ, ರಜೆ ಇಷ್ಟನ್ನೇ ಹೇಳಿ ಉಳಿದದ್ದನ್ನು ನುಂಗಿಕೊಳ್ಳುವುದು ಪರಸ್ಥಳದಲ್ಲಿ ದುಡಿಯುವ ನಮಗೆ ಹೊಸದೇ? ನಮ್ಮ ಪಾಳಿಯಲ್ಲಿ, ನಮ್ಮ ಖೋಲಿಯಲ್ಲಿ ಅಂಥ ಮಗ ಇಲ್ಲವೆಂದು ಯಾರು ಹೇಳಬಲ್ಲರು?

ಇದು ಮುಂಬಯಿಯವರ ಚಾಳಿ ಎನ್ನುವವರೂ ಇದ್ದಾರೆ. ವಡೋದರಾದಿಂದ ಬಹಳ ದೂರವಲ್ಲದ ರಾಜಪೀಪಲಾದ ರಾಜಮನೆತನದ ಮಾನವೇಂದ್ರ ಸಿಂಹ ಗೋಹಿಲರು 2006ರಲ್ಲಿ ಇದೇ ಮಾತನ್ನು ಹೇಳಿದಾಗ ಊರಿನಲ್ಲಿ ಅವರ ಪ್ರತಿಕೃತಿ ಸುಟ್ಟರು. ಮನೆಯವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಂಬಂಧ ಕಡಿದುಕೊಂಡರು. ಇದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು.

ರಂಗಾಯನ್ನರ ಮೇಲೆ ನಮ್ಮದೊಂದು ತಕರಾರು ಮಾತ್ರ ಇದೆ. ಕಾವೇರಿ ಸೀಮೆಯವರು, ಕನ್ನಡನಾಡಿನ ಮನೆಯನ್ನೇ ತೋರಿಸಿದರು. ಆದರೆ ಆ ತಾಯಿ ಮಾತಾಡುವುದು ಹಿಂದಿಯಲ್ಲಿ.