ನಡಿಗೆಗೆ ಮುನ್ನ ಎರಡು ದಿನ: ನೀರು ಕವಲೊಡೆಯುವ ಊರಿನಲ್ಲಿ

(ಉಪನ್ಯಾಸದ ಪಠ್ಯ)



ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ದೀರ್ಘ ಕಾಲ್ನಡಿಗೆಗೆ ಹೊರಡುವವರು ಬೆಟ್ಟ ಹತ್ತುವ ಮೊದಲು ತಪ್ಪಲಿನ ಊರೊಂದರಲ್ಲಿ ಎರಡು ಮೂರು ದಿನ ತಂಗುವುದುಂಟು. ಪೇಟೆ ಸುತ್ತುತ್ತಾರೆ, ನಕಾಶೆ ಕೊಳ್ಳುತ್ತಾರೆ, ಹವಾಮಾನ ವಿಚಾರಿಸುತ್ತಾರೆ, ಹಳೆಯ ಕಟ್ಟಡಗಳನ್ನು ನೋಡುತ್ತಾರೆ. ಕಾಲಿಗೆ ವಿಶ್ರಾಂತಿ, ಕಣ್ಣಿಗೆ ಕೆಲಸ. ಉತ್ತರ ಕನ್ನಡದ ಕಣಿವೆಗಳಲ್ಲಿ ಚಾರಣಕ್ಕೆ ಬರುವ ಅನೇಕರಿಗೆ ಅಂಥ ತಂಗುದಾಣ ಹುಬ್ಬಳ್ಳಿ-ಧಾರವಾಡ ಅವಳಿ ನಗರ.

ಮಳೆಗಾಲ ಹಿಂದೆ ಸರಿದು ದಸರೆ ಮುಗಿದ ಮೇಲೆ ಬೆನ್ನಿಗೆ ಚೀಲ ಹೊತ್ತ ದಂಪತಿಗಳು ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ಇಳಿಯುತ್ತಾರೆ. 1507 ಮೀಟರ್ ಉದ್ದದ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಅಲ್ಲಿಯ ಪ್ಲಾಟ್‌ಫಾರ್ಮನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳುತ್ತಾರೆ. ಧಾರವಾಡದ ಪೇಡೆ ಕಟ್ಟಿಸಿಕೊಳ್ಳುತ್ತಾರೆ. ಉಳಿದ ವೇಳೆಯನ್ನು ವಸತಿಗೃಹದಲ್ಲಿ ಮಲಗಿ ಕಳೆಯುತ್ತಾರೆ. ಮರುದಿನ ನೇರವಾಗಿ ಜಲಪಾತದ ಮುಂದೆ ನಿಲ್ಲುತ್ತಾರೆ. ನೀರು ಎಲ್ಲಿಂದ ಬಂತೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇದೇ ಎರಡು ದಿನಗಳನ್ನು ನೀರಿನ ಜಾಡಿನಲ್ಲಿ ಕಳೆಯುವ ಒಂದು ಜೋಡಿಯನ್ನು ಇಲ್ಲಿ ಊಹಿಸಿಕೊಳ್ಳಬಹುದು. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ನೌಕರಿಯಲ್ಲಿರುವವರು. ಬೇಡ್ತಿ ಕಣಿವೆಯಲ್ಲಿ ಒಂದು ವಾರ ನಡೆಯಬೇಕೆಂದು ಬಂದವರು. ಅವರು ನೋಡಬೇಕಾದ ಮೊದಲ ಸಂಗತಿ ಒಂದು ಅಂಕಿ. ಧಾರವಾಡವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹುಬ್ಬಳ್ಳಿ ಸುಮಾರು 670 ಮೀಟರ್. ಶಿರಸಿಯ ಎತ್ತರ ಸುಮಾರು 590 ಮೀಟರ್, ಯಲ್ಲಾಪುರದ್ದು ಸುಮಾರು 540. ಮಲೆನಾಡಿನವರು ‘ಬಯಲು’ ಎಂದು ಕರೆಯುವ ಊರು ಅವರ ಪೇಟೆಗಳಿಗಿಂತ ಎತ್ತರದಲ್ಲಿದೆ. ಆದ್ದರಿಂದ ಇದನ್ನು ತಪ್ಪಲಿನ ಊರೆನ್ನುವುದು ಸರಿಯಾಗದು. ಇದು ಕಣಿವೆಯ ನೆತ್ತಿ. ಎತ್ತರದಲ್ಲಿ ನಡೆದದ್ದು ಯಾವುದೇ ಇರಲಿ, ಅದು ಇಳಿದು ಕೆಳಗೆ ಬರುತ್ತದೆ.

ಮೊದಲ ದಿನ ಈ ದಂಪತಿ ಧಾರವಾಡದಲ್ಲಿರುತ್ತಾರೆ. ಕಲಘಟಗಿ ರಸ್ತೆಯ ಕಡೆಗಿರುವ ಸೋಮೇಶ್ವರ ಗುಡಿಯನ್ನು ಜನ ಶಾಲ್ಮಲಾ ನದಿಯ ಉಗಮಸ್ಥಾನವೆಂದು ಪೂಜಿಸುತ್ತಾರೆ. ಮಹಾನದಿಯೊಂದರ ಉಗಮವನ್ನು ಕಲ್ಪಿಸಿಕೊಂಡು ಬಂದವರಿಗೆ ಅಲ್ಲಿ ನಿರಾಶೆಯಾದೀತು. ಕಾಣುವುದು ಸಣ್ಣ ನೀರು, ಸುತ್ತ ಬೆಳೆಯುತ್ತಿರುವ ನಗರ. ಆದರೆ ಈ ನೀರು ದಕ್ಷಿಣ-ಪಶ್ಚಿಮಕ್ಕೆ ಹರಿದು ಕಲಘಟಗಿಯ ಬಳಿ ಹುಬ್ಬಳ್ಳಿಯ ಕಡೆಯಿಂದ ಬರುವ ಬೇಡ್ತಿಯನ್ನು ಕೂಡುತ್ತದೆ. ಮುಂದೆ ಯಲ್ಲಾಪುರದ ಕಾಡುಗಳನ್ನು ಹೊಕ್ಕು, ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ, ಗಂಗಾವಳಿ ಎಂಬ ಹೆಸರು ಪಡೆದು ಅಂಕೋಲೆ ಮತ್ತು ಗೋಕರ್ಣದ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ. ಒಟ್ಟು ಉದ್ದ ಸುಮಾರು 152 ಕಿಲೋಮೀಟರ್. ಶಿರಸಿಯ ಸಹಸ್ರಲಿಂಗದ ಬಂಡೆಗಳ ನಡುವೆ ಹರಿಯುವ ಹೊಳೆಗೂ ಶಾಲ್ಮಲೆಯೆಂದೇ ಹೆಸರು. ಅದರ ನೀರೂ ಕೊನೆಗೆ ಸೇರುವುದು ಬೇಡ್ತಿಯನ್ನೇ.

ಧಾರವಾಡದ ಮತ್ತೊಂದು ಬದಿಯಲ್ಲಿ ಬಿದ್ದ ಮಳೆಯ ಹಾದಿ ಬೇರೆ. ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಅದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ತುಪ್ಪ, ಬೆಣ್ಣೆ ಎಂದು ಹಳ್ಳಗಳಿಗೆ ಹೆಸರಿಟ್ಟ ಜನ ನೀರಿನ ಬೆಲೆ ಅರಿತವರೇ ಇರಬೇಕು. ಒಂದೇ ಮೋಡ, ಒಂದೇ ಮಳೆ. ಬಿದ್ದ ಜಾಗದ ಮೇಲೆ ಎರಡು ಸಮುದ್ರಗಳ ಪಾಲಾಗುತ್ತದೆ. ಇದಕ್ಕೆ ಜಲವಿಭಾಜಕ ರೇಖೆ ಎಂದು ಹೆಸರು. ಭೂಗೋಳದ ಪಾಠದಲ್ಲಿ ಓದಿದ ಈ ಪದವನ್ನು ಧಾರವಾಡದಲ್ಲಿ ಒಂದು ದಿನದ ನಡಿಗೆಯಲ್ಲಿ ಕಾಲಿನಿಂದ ಅಳೆಯಬಹುದು.

ಆಲ್ಪ್ಸ್‌ನಲ್ಲಿಯೂ ಇಂಥ ಸ್ಥಳಗಳಿವೆ. ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಪ್ರದೇಶದಲ್ಲಿ ರೈನ್, ರೋನ್, ರಾಯ್ಸ್, ಟಿಚಿನೊ ಎಂಬ ನಾಲ್ಕು ನದಿಗಳ ಉಗಮ ಹತ್ತಿರ ಹತ್ತಿರದಲ್ಲೇ ಇದೆ. ರೈನ್ ಉತ್ತರ ಸಮುದ್ರಕ್ಕೆ, ರೋನ್ ಮೆಡಿಟರೇನಿಯನ್‌ಗೆ ಹರಿಯುತ್ತವೆ. ರಾಯ್ಸ್‌ನ ನೀರು ರೈನ್‌ಗೆ ಸೇರಿದರೆ ಟಿಚಿನೊ ಪೋ ನದಿಯ ಮೂಲಕ ಏಡ್ರಿಯಾಟಿಕ್ ತಲುಪುತ್ತದೆ. ಅಲ್ಲಿಯ ಜನ 2012ರಲ್ಲಿ ಈ ನಾಲ್ಕೂ ಉಗಮಗಳನ್ನು ಜೋಡಿಸುವ, ಸುಮಾರು 85 ಕಿಲೋಮೀಟರ್ ಉದ್ದದ ಕಾಲುದಾರಿಯೊಂದನ್ನು ತೆರೆದರು. ಐದು ದಿನದ ನಡಿಗೆ. ನಡೆಯುವವರು ಹಿಮಶಿಖರಗಳನ್ನು ನೋಡುತ್ತ ನೋಡುತ್ತ ತಮ್ಮ ನಗರಗಳ ನಲ್ಲಿಯ ನೀರು ಎಲ್ಲಿ ಹುಟ್ಟುತ್ತದೆಂಬುದನ್ನೂ ಕಲಿಯುತ್ತಾರೆ. ರೈನ್ ದಂಡೆಯ ಬಾಸೆಲ್ ನಗರದಿಂದ ಹೊರಟ ಬಾಸೆಲ್ ಮಿಷನ್‌ನವರು 1837ರಲ್ಲೇ ಧಾರವಾಡದಲ್ಲಿ ನೆಲೆಯೂರಿದ್ದರು. ಆಲ್ಪ್ಸ್‌ನ ನೀರು ಕುಡಿದವರಿಗೂ ಈ ಊರಿಗೂ ನಂಟು ಹಳೆಯದು.

ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆಲ್ಪ್ಸ್ ಪರ್ವತಗಳು ಎದ್ದು ಕೆಲವೇ ಕೋಟಿ ವರ್ಷಗಳಾದವು. ಧಾರವಾಡದ ಹೆಸರನ್ನೇ ಹೊತ್ತ ಶಿಲಾಸ್ತರಗಳಿಗೆ 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಆ ಎಳೆಯ ಪರ್ವತಗಳ ನೀರಿನ ಉಗ್ರಾಣ ಹಿಮ. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023ರ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಸುಮಾರು ಶೇಕಡಾ 10ರಷ್ಟನ್ನು ಕಳೆದುಕೊಂಡವು. ಸಹ್ಯಾದ್ರಿಗೆ ಹಿಮವಿಲ್ಲ. ಇಲ್ಲಿಯ ಉಗ್ರಾಣ ಕಾಡಿನ ಮಣ್ಣು. ತರಗೆಲೆಯ ಹೊದಿಕೆ ಮಳೆಹನಿಯ ಪೆಟ್ಟನ್ನು ತಡೆಯುತ್ತದೆ. ಬೇರು, ಎರೆಹುಳು, ಗೆದ್ದಲು ಕೊರೆದ ರಂಧ್ರಗಳಲ್ಲಿ ನೀರು ಇಂಗುತ್ತದೆ. ಇಂಗಿದ ನೀರು ತಿಂಗಳುಗಟ್ಟಲೆ ಒಸರಾಗಿ ಹಳ್ಳಗಳನ್ನು ಜೀವಂತವಿಡುತ್ತದೆ. ಹೊದಿಕೆ ಹೋದರೆ ಅದೇ ಮಳೆ ಕೆಲವೇ ದಿನಗಳಲ್ಲಿ ಕೆಸರಾಗಿ ಹರಿದುಹೋಗುತ್ತದೆ. ಹಿಮ ಕರಗುವುದನ್ನು ತಡೆಯುವುದು ಆಲ್ಪ್ಸ್‌ನ ಹಳ್ಳಿಗರೊಬ್ಬರಿಂದಲೇ ಆಗುವ ಕೆಲಸವಲ್ಲ. ತರಗೆಲೆಯನ್ನು ಉಳಿಸುವುದು ಮಲೆನಾಡಿನ ಹಳ್ಳಿಗರ ಕೈಯಳತೆಯಲ್ಲಿಯೇ ಇದೆ.

ಎರಡನೆಯ ದಿನ ದಂಪತಿ ಹುಬ್ಬಳ್ಳಿಯ ಕಡೆಗೆ ಬರುತ್ತಾರೆ. ಉಣಕಲ್ಲಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಯಿದೆ, ಸನಿಹದಲ್ಲೇ ವಿಶಾಲವಾದ ಉಣಕಲ್ ಕೆರೆ. ನೃಪತುಂಗ ಬೆಟ್ಟವನ್ನೇರಿದರೆ ನಗರವೆಲ್ಲ ಕಾಲಡಿಯಲ್ಲಿ ಕಾಣುತ್ತದೆ. ಸಂಜೆ ಅಲ್ಲಿ ನಿಂತವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ದೊಡ್ಡ ನದಿಯೊಂದೂ ಹರಿಯದ ಈ ದಿಬ್ಬದ ಮೇಲಿನ ನಗರ ಏನನ್ನು ಕುಡಿಯುತ್ತದೆ?

ಉತ್ತರ ಸಹ್ಯಾದ್ರಿಯಲ್ಲಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ಸವದತ್ತಿಯ ನವಿಲುತೀರ್ಥದಲ್ಲಿ ತಡೆದು, ಆ ನೀರನ್ನು ಪಂಪುಗಳಿಂದ ಎತ್ತಿ ಅವಳಿ ನಗರಕ್ಕೆ ತರಲಾಗುತ್ತದೆ. ಬೇಡ್ತಿಗೆ ಕಟ್ಟಿದ ನೀರಸಾಗರ ಜಲಾಶಯವೂ ಹುಬ್ಬಳ್ಳಿಯ ದಾಹ ತಣಿಸಲೆಂದೇ ಆದದ್ದು. ಮಲಪ್ರಭೆ ಸಾಲದಾದಾಗ ಮಹದಾಯಿಯ ಕಡೆಗೆ ಕಣ್ಣು ಹೋಯಿತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ ನೀರಿನಲ್ಲಿ 3.9 ಟಿಎಂಸಿ ಕಳಸಾ-ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಲೆಂದು ಮೀಸಲಾದದ್ದು. ನಗರದ ಬಾಯಾರಿಕೆ ಸುಳ್ಳಲ್ಲ. ವಾರಕ್ಕೊಮ್ಮೆ ಬರುವ ನಲ್ಲಿ ನೀರಿಗೆ ಕೊಡ ಹಿಡಿದು ಕಾದ ಹುಬ್ಬಳ್ಳಿಯ ತಾಯಂದಿರನ್ನು ಮಲೆನಾಡಿನವರು ಎದುರಾಳಿಗಳೆಂದು ಎಣಿಸಬಾರದು. ಆದರೆ ನಗರ ಕುಡಿದ ನೀರು ಮುಂದೆ ಏನಾಗುತ್ತದೆ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಅದನ್ನೂ ಅದೇ ದಿನ ನೋಡಬಹುದು. ಹುಬ್ಬಳ್ಳಿಯ ಬಿಡ್ನಾಳ, ಗಬ್ಬೂರು, ಧಾರವಾಡದ ಮದಿಹಾಳಗಳ ಕಡೆ ರೈತರು ದಶಕಗಳಿಂದ ನಗರದ ಚರಂಡಿ ನೀರನ್ನೇ ಹೊಲಕ್ಕೆ ಹಾಯಿಸಿ ತರಕಾರಿ, ಪೇರಲ, ಚಿಕ್ಕು ಬೆಳೆದಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಸಂಶೋಧಕರೊಡನೆ 2000ರ ದಶಕದ ಆರಂಭದಲ್ಲಿ ಈ ಬೇಸಾಯವನ್ನು ಅಭ್ಯಸಿಸಿದ್ದರು. ಮಳೆ ಕೈಕೊಟ್ಟರೂ ನಿಲ್ಲದ ನೀರು, ಪುಕ್ಕಟೆ ಗೊಬ್ಬರ ಎಂಬುದು ರೈತರ ಲೆಕ್ಕ. ಕಳೆ ಹೆಚ್ಚು, ಕೀಟ ಹೆಚ್ಚು, ಅದರಿಂದ ಔಷಧಿ ಸಿಂಪರಣೆ ಹೆಚ್ಚು, ಮೈಗೆ ತಾಗುವ ರೋಗದ ಭಯ ಬೇರೆ ಎಂಬುದು ಅದರ ಮತ್ತೊಂದು ಪುಟ. ರೈತರನ್ನು ದೂರುವುದು ಸುಲಭ. ಆದರೆ ಶುದ್ಧೀಕರಿಸದ ನೀರನ್ನು ಅವರ ಹೊಲದ ಬದಿಗೆ ಬಿಟ್ಟದ್ದು ನಗರ. ಪೂರ್ವದ ಹಳ್ಳಗಳಿಗೆ ಬಂದ ಗತಿ ಪಶ್ಚಿಮದ ಶಾಲ್ಮಲೆಗೂ ಬೇಡ್ತಿಗೂ ಬಾರದಿರಬೇಕಾದರೆ ನಗರ ಆ ದಿಕ್ಕಿಗೆ ಬೆಳೆಯುವ ಮೊದಲೇ ಎಚ್ಚರ ಬೇಕು. ಈ ಕಾರಣಕ್ಕಾಗಿಯೇ ಚಾರಣಕ್ಕೆ ಹೊರಟ ದಂಪತಿ ಗಬ್ಬು ನಾರುವ ಒಂದು ನಾಲೆಯ ಬಳಿ ಹತ್ತು ನಿಮಿಷ ನಿಲ್ಲಬೇಕು. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ.

ಮೂರನೆಯ ಬೆಳಿಗ್ಗೆ ಕಲಘಟಗಿಯ ಹಾದಿ. ಇಲ್ಲಿ ನೆಲವೇ ಪಾಠ ಹೇಳುತ್ತದೆ. ಪೂರ್ವದ ನವಲಗುಂದದ ಕಡೆ ಕರಿಮಣ್ಣು. ಅಲ್ಲಿ ಈ ಹೊತ್ತಿಗೆ ಹಿಂಗಾರಿ ಜೋಳ, ಕಡಲೆಯ ಬಿತ್ತನೆ. ಪಶ್ಚಿಮಕ್ಕೆ ಸಾಗಿದಂತೆ ಮಣ್ಣು ಕೆಂಪಾಗುತ್ತದೆ, ಮಾವಿನ ತೋಪುಗಳು ಬರುತ್ತವೆ, ಕೂರಿಗೆಯಿಂದ ಬಿತ್ತಿದ ಮಳೆಯಾಶ್ರಿತ ಭತ್ತ ತೆನೆ ಬಾಗಿ ನಿಂತಿರುತ್ತದೆ. ಒಣ ಮಣ್ಣಿನಲ್ಲಿ ಮೊದಲೇ ಬಿತ್ತಿ ಮಳೆಗೆ ಕಾಯುವ ಈ ಪದ್ಧತಿ ಬಯಲಿನ ಕೂರಿಗೆಯೂ ಮಲೆನಾಡಿನ ಭತ್ತವೂ ಕೂಡಿ ಹುಟ್ಟಿಸಿದ ಜಾಣ್ಮೆ. ಕೃಷಿ ವಿಜ್ಞಾನದಲ್ಲಿ ಧಾರವಾಡಕ್ಕೆ ‘ಪರಿವರ್ತನಾ ವಲಯ’ ಎಂದು ಹೆಸರು. ರೈತರಿಗೆ ಹೆಸರು ಬೇಕಿಲ್ಲ, ಹಬ್ಬ ಗೊತ್ತು. ಆಶ್ವೀಜದ ಹುಣ್ಣಿಮೆಯಂದು ಬಯಲಿನವರು ಸೀಗಿ ಹುಣ್ಣಿಮೆಯೆಂದು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಅದೇ ದಿನ ಮಲೆನಾಡಿನವರು ಭೂಮಿ ಹುಣ್ಣಿಮೆಯೆಂದು ಗದ್ದೆಗೆ ಎಡೆಯಿಡುತ್ತಾರೆ. ಎರಡೂ ಕಡೆ ಭೂಮಿ ಬಸುರಿ. ಎರಡೂ ಕಡೆ ಅವಳಿಗೆ ಬಯಕೆಯೂಟ.

ಅಲ್ಲಿಂದ ಮುಂದೆ ಕಾಡು. ಮಾಗೋಡಿನ ನೋಟಕಟ್ಟೆಯಲ್ಲಿ ನಿಂತ ಈ ದಂಪತಿ ಮತ್ತು ನಿನ್ನೆ ರಾತ್ರಿ ಬಸ್ಸು ಹತ್ತಿ ಬಂದ ಬೇರೊಬ್ಬರು ನೋಡುವುದು ಒಂದೇ ಜಲಪಾತ. ಆದರೆ ಸೋಮೇಶ್ವರದ ಸಣ್ಣ ನೀರನ್ನು ಕಂಡವರಿಗೆ ಎದುರಿನ ಧಾರೆ ಎಷ್ಟು ಹಳ್ಳಗಳ, ಎಷ್ಟು ಸೊಪ್ಪಿನ ಬೆಟ್ಟಗಳ ದುಡಿಮೆ ಎಂಬುದು ತಿಳಿದಿರುತ್ತದೆ. ಅವರಿಗೆ ಊರಿನವರು ಇನ್ನೊಂದು ಸಂಗತಿಯನ್ನೂ ಹೇಳಬೇಕು. 1970ರ ದಶಕದ ಕೊನೆಯಲ್ಲಿ ಈ ನದಿಗೆ ವಿದ್ಯುತ್ ಯೋಜನೆ ಬಂದಾಗ ಇಲ್ಲಿಯ ಅಡಿಕೆ ತೋಟಗಾರರು ಬರಿಯ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ಮುಳುಗುವ ತೋಟ, ಕಾಡುಗಳ ಬೆಲೆ ಕಟ್ಟಿಸಿ, 1981ರ ಜನವರಿಯಲ್ಲಿ ಶಿರಸಿಯ ವಿಚಾರ ಸಂಕಿರಣದಲ್ಲಿ ವಿಜ್ಞಾನಿಗಳ ಮುಂದೆ ಲಾಭ-ನಷ್ಟದ ಲೆಕ್ಕವನ್ನಿಟ್ಟರು. ಯೋಜನೆ ನಿಂತಿತು. ಬೇಡ್ತಿಯನ್ನು ವರದೆಗೆ ತಿರುಗಿಸುವ ಪ್ರಸ್ತಾಪದ ಮುಂದೆಯೂ ಕೆಲಸಕ್ಕೆ ಬರುವುದು ಅಂಥ ಲೆಕ್ಕವೇ. ಅದೇ ಕಣಿವೆಯ ಕೆಳಗೆ, ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ನೂಕಿತು. ಮೇಲಿನ ನೀರು, ನಡುವಿನ ಮಣ್ಣು, ಕೆಳಗಿನ ಜೀವ ಇವು ಒಂದೇ ಹಗ್ಗದ ಎಳೆಗಳು.

ಕಣಿವೆಯ ಯುವಕ ಯುವತಿಯರು ಮಾಡಬಹುದಾದ ಕೆಲಸವೊಂದಿದೆ. ಅತಿಥಿಗಳನ್ನು ಮಾಗೋಡಿನಿಂದ ಆರಂಭಿಸದೆ ಧಾರವಾಡದಿಂದ ಕರೆತರಬೇಕು. ಅದಕ್ಕೆ ಮೊದಲು ತಾವೇ ಒಮ್ಮೆ ಸೋಮೇಶ್ವರದಿಂದ ಕಲಘಟಗಿಯವರೆಗೆ ಹಳ್ಳದ ಗುಂಟ ನಡೆಯಬೇಕು. ಎಲ್ಲಿ ನೀರು ತಿಳಿಯಾಗಿದೆ, ಎಲ್ಲಿ ನೊರೆ ಬಂದಿದೆ, ಯಾವ ತಿಂಗಳಿಗೆ ಹರಿವು ನಿಂತಿತು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ಐದು ವರ್ಷ ತಪ್ಪದೆ ಬರೆದ ನೋಟುಬುಕ್ಕು ಯಾವ ಕಚೇರಿಯ ಮೇಜಿನ ಮೇಲೂ ಭಾರವಾಗಿ ಕೂರುತ್ತದೆ. ಆ ನಡಿಗೆಯಲ್ಲಿ ಧಾರವಾಡದ ಕಾಲೇಜು ಹುಡುಗರನ್ನೂ ಜೊತೆಗೆ ಸೇರಿಸಿಕೊಳ್ಳಬೇಕು, ಏಕೆಂದರೆ ಉಗಮ ಅವರ ಊರಿನಲ್ಲಿದೆ.

ಹೊಳೆಯ ಮೂಲ ನೋಡಬಾರದೆಂಬ ಮಾತೊಂದು ಹಿರಿಯರಲ್ಲಿದೆ. ಬೇಡ್ತಿಯ ಮಟ್ಟಿಗೆ ಆ ಮಾತನ್ನು ಮೀರುವ ಕಾಲ ಬಂದಿದೆ.