ಹಳೆಯ ಕಾರು, ನೀಲಿ ಹೊಗೆ, ಎಮಿಷನ್ ಟೆಸ್ಟ್



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ 1990ರ ದಶಕದ ಆರಂಭದ ಮಾರುತಿ 800 ಕಾರೊಂದು ಇನ್ನೂ ಓಡುತ್ತಿರಬಹುದು. ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಹಿಂದಿನಿಂದ ನೀಲಿ ಹೊಗೆ. ಆಗಾಗ ಎಂಜಿನ್ ಆಯಿಲ್ ಸುರಿಯುವ ಕೆಲಸ. ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟ್ ಬಂತೆಂದರೆ ಮನೆಯವರಿಗೆ ಚಿಂತೆ. ಇಂತಹ ಕಾರನ್ನು ಹೇಗೆ ಸಿದ್ಧಪಡಿಸಬೇಕು? ಪರೀಕ್ಷೆಯ ವಿಚಾರ ನಿಮಗೆ ಹೊಸದಲ್ಲ. ಪ್ರಶ್ನೆಪತ್ರಿಕೆ ಏನನ್ನು ಕೇಳುತ್ತದೆಂದು ಮೊದಲು ತಿಳಿಯೋಣ.

ಪೆಟ್ರೋಲ್ ಕಾರಿನ ಹೊಗೆ ಕೊಳವೆಯೊಳಗೆ ಒಂದು ನಳಿಕೆಯನ್ನಿಟ್ಟು, ಎಂಜಿನ್ ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ಎರಡು ವಸ್ತುಗಳನ್ನು ಅಳೆಯುತ್ತಾರೆ: ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಭಾರತ್ ಸ್ಟೇಜ್-2ಕ್ಕಿಂತ ಹಿಂದಿನ ಕಾರುಗಳಿಗೆ ಮೊದಲನೆಯದರ ಮಿತಿ ಶೇಕಡಾ 3, ಎರಡನೆಯದು ಹತ್ತು ಲಕ್ಷದಲ್ಲಿ 1500 ಭಾಗ. ಭಾರತ್ ಸ್ಟೇಜ್-2ರ ಕಾರುಗಳಿಗೆ ಇವು ಶೇಕಡಾ 0.5 ಮತ್ತು 750. ವಿಷಾನಿಲವನ್ನು ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ 1995ರಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದಾಗ ಅದು ದೆಹಲಿ, ಮುಂಬಯಿ, ಕಲ್ಕತ್ತಾ, ಮದ್ರಾಸು ಈ ನಾಲ್ಕು ಮಹಾನಗರಗಳಿಗೆ ಮಾತ್ರ ಅನ್ವಯಿಸಿತ್ತು. ಆದುದರಿಂದ ನಮ್ಮ ಕಡೆಯ ಆ ಕಾಲದ ಕಾರುಗಳಲ್ಲಿ ಎಂಜಿನ್ ಸರಿಯಾಗಿ ಉರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪೆಟ್ರೋಲಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಇಂಗಾಲ ಅರೆಬರೆ ಉರಿದು ಮಾನಾಕ್ಸೈಡ್ ಆಗುತ್ತದೆ. ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಪೆಟ್ರೋಲ್ ಉರಿಯದೆಯೇ ಹೊರಬೀಳುತ್ತದೆ, ಅದೇ ಹೈಡ್ರೋಕಾರ್ಬನ್. ಇನ್ನು ಎಂಜಿನ್ ಆಯಿಲ್ ಕೂಡ ಹೈಡ್ರೋಕಾರ್ಬನ್ ತಾನೇ! ಸಿಲಿಂಡರಿಗೆ ನುಗ್ಗಿದ ಆಯಿಲ್ ಪೂರ್ತಿ ಉರಿಯದೆ ನೀಲಿ ಹೊಗೆಯಾಗುತ್ತದೆ, ಜೊತೆಗೆ ಸ್ಪಾರ್ಕ್ ಪ್ಲಗ್ಗಿನ ತುದಿಗೆ ಮಸಿ ಮೆತ್ತಿ ಕಿಡಿಯನ್ನೂ ಕೆಡಿಸುತ್ತದೆ. ಒಂದೇ ದೋಷದಿಂದ ಎರಡು ಹೊಡೆತ.

ಸುಲಭದ ಕೆಲಸಗಳನ್ನು ಮೊದಲು ಮಾಡಿಸಿ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದ್ದರೆ ಬದಲಿಸಿ. ಪ್ಲಗ್ಗುಗಳನ್ನು ಬಿಚ್ಚಿ ನೋಡಿ. ಎಣ್ಣೆ ಮೆತ್ತಿದ್ದರೆ ಹೊಸದು ಹಾಕಿ. ಎಂಜಿನ್ನಿನ ಕೆಳಭಾಗದ ಆವಿಯನ್ನು ಹೊರಗೊಯ್ಯುವ ಬ್ರೀದರ್ ಪೈಪ್ ಮುಚ್ಚಿಹೋಗಿದ್ದರೂ ಒಳಗಿನ ಒತ್ತಡ ಏರಿ ಆಯಿಲ್ ಮೇಲಕ್ಕೆ ನುಗ್ಗುತ್ತದೆ. ಇದನ್ನು ಅನೇಕರು ನೋಡುವುದೇ ಇಲ್ಲ. ಆಯಿಲ್ ಹಳೆಯದಾಗಿದ್ದರೆ ಬದಲಿಸಿ, ಆದರೆ ಡಿಪ್ ಸ್ಟಿಕ್ಕಿನ ಮೇಲಿನ ಗೆರೆ ದಾಟಬಾರದು. ಹೇಗೂ ಕುಡಿಯುತ್ತದೆಂದು ಹೆಚ್ಚು ಸುರಿದರೆ ಇನ್ನೂ ಹೆಚ್ಚು ಕುಡಿಯುತ್ತದೆ.

ಕಾರ್ಬೊರೇಟರ್ ಸ್ಕ್ರೂವನ್ನು ತಿರುಗಿಸಿ ಪೆಟ್ರೋಲ್ ತಗ್ಗಿಸುವುದು ಎಲ್ಲರೂ ಬಲ್ಲ ಉಪಾಯ. ಮಾನಾಕ್ಸೈಡ್ ಇಳಿಯುವುದು ನಿಜ. ಆದರೆ ಅತಿಯಾಗಿ ತಗ್ಗಿಸಿದರೆ ಮಿಶ್ರಣ ಹೊತ್ತಿಕೊಳ್ಳದೆ ಹೈಡ್ರೋಕಾರ್ಬನ್ ಏರುತ್ತದೆ. ಈ ಹೊಂದಾಣಿಕೆಯನ್ನು ಅಳತೆ ಯಂತ್ರದ ಮುಂದೆಯೇ ಮಾಡಿಸುವುದು ಲೇಸು. ಪರೀಕ್ಷೆಗೆ ಹೊರಡುವ ಮುನ್ನ ಇಪ್ಪತ್ತು ನಿಮಿಷ ಕಾರನ್ನು ಓಡಿಸಿ ಎಂಜಿನ್ ಚೆನ್ನಾಗಿ ಕಾದಿರಲಿ; ಚೋಕ್ ಪೂರ್ತಿ ತೆರೆದಿರಲಿ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಎಂಜಿನ್ ಓಡಿಸಿ ನೋಡಬೇಡಿ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಪ್ರಾಣ ಹೋಗುವುದು ಗೊತ್ತಾಗುವುದಿಲ್ಲ.

ಇಷ್ಟಾದರೆ ಎಷ್ಟೋ ಹಳೆಯ ಕಾರುಗಳು ಪಾಸಾಗುತ್ತವೆ. ತೊಡಕು ಇರುವುದೂ ಇಲ್ಲಿಯೇ. ಯಂತ್ರ ಅಳೆಯುವುದು ನಿಂತ ಕಾರಿನ ಅನಿಲವನ್ನು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಬರುವ ನೀಲಿ ಹೊಗೆಯನ್ನು ಅದು ಕಾಣುವುದಿಲ್ಲ. ಅದನ್ನು ಕುಡಿಯುವವರು ಬಸ್ ನಿಲ್ದಾಣದಲ್ಲಿ ನಿಂತವರು, ಹಿಂದೆ ಸೈಕಲ್ ತುಳಿಯುವ ನಿಮ್ಮ ಸಹಪಾಠಿಗಳು. ಚೀಟಿ ಕೈಗೆ ಬಂದ ಮೇಲೂ ಆಯಿಲ್ ಎಲ್ಲಿಂದ ನುಗ್ಗುತ್ತಿದೆ ಎಂಬುದನ್ನು ಹುಡುಕಲೇಬೇಕೆಂಬುದು ನನ್ನ ಅಭಿಪ್ರಾಯ.

ಹುಡುಕುವುದು ಕಷ್ಟವೇನಲ್ಲ, ಹೊಗೆಯೇ ಹೇಳುತ್ತದೆ. ರಾತ್ರಿಯೆಲ್ಲ ನಿಂತ ಕಾರು ಬೆಳಗ್ಗೆ ಒಮ್ಮೆ ಭುಸ್ಸೆಂದು ಹೊಗೆ ಬಿಟ್ಟು ಸುಮ್ಮನಾದರೆ, ಅಥವಾ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹೊಗೆ ಬಂದರೆ, ವಾಲ್ವ್ ಸೀಲುಗಳ ಮೇಲೆ ಸಂಶಯ. ಈ ರಬ್ಬರ್ ಸೀಲುಗಳು ಬಿಸಿಗೆ ಗಡುಸಾಗಿ ಬಿರಿಯುತ್ತವೆ. ಬೆಲೆ ಕಡಿಮೆ, ಹಲವು ಎಂಜಿನ್‌ಗಳಲ್ಲಿ ನುರಿತ ಮೆಕ್ಯಾನಿಕ್ ಹೆಡ್ ಇಳಿಸದೆಯೇ ಬದಲಿಸಬಲ್ಲ. ಏರು ಹತ್ತುವಾಗ, ಭಾರ ಎಳೆಯುವಾಗ ಎಡೆಬಿಡದೆ ಹೊಗೆ ಬಂದರೆ ಪಿಸ್ಟನ್ ರಿಂಗುಗಳು ಸವೆದಿರಬಹುದು. ಖಚಿತಪಡಿಸಿಕೊಳ್ಳಲು ಪ್ಲಗ್ ಬಿಚ್ಚಿ ಸಿಲಿಂಡರಿನ ಕಂಪ್ರೆಷನ್ ಅಳೆಯುತ್ತಾರೆ. ಕಡಿಮೆಯಿದ್ದರೆ ಒಂದು ಚಮಚ ಆಯಿಲ್ ಒಳಗೆ ಬಿಟ್ಟು ಮತ್ತೆ ಅಳೆಯುತ್ತಾರೆ. ಆ ಆಯಿಲ್ ರಿಂಗಿನ ಸಂದನ್ನು ಕ್ಷಣಕಾಲ ಮುಚ್ಚುವುದರಿಂದ ಅಳತೆ ಏರಿದರೆ ದೋಷ ರಿಂಗಿನದು. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂದು ತಿಳಿಯಬಹುದು. ಭೌತಶಾಸ್ತ್ರ ಓದುವ ನಿಮಗೆ ಇದಕ್ಕಿಂತ ಸೊಗಸಾದ ಪ್ರಯೋಗ ಬೇಕೆ?

ರಿಂಗ್ ಹಾಕಿಸುವುದೆಂದರೆ ಎಂಜಿನ್ ಬಿಚ್ಚಬೇಕು, ಖರ್ಚು ದೊಡ್ಡದು. ದಪ್ಪ ಆಯಿಲ್ ಸೋರುವುದನ್ನು ಸ್ವಲ್ಪ ತಡೆಯಬಹುದು, ಸವೆದ ಲೋಹವನ್ನು ಮರಳಿ ತರಲಾರದು. ಅಂಗಡಿಯ ಡಬ್ಬಿ ಔಷಧಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಖರ್ಚಿಗೆ ಕೈಹಾಕುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕಿದಿರಿ ಎಂದು ಬರೆದಿಡಿ, ಪ್ರತಿ ಟೆಸ್ಟಿನ ಚೀಟಿಯನ್ನೂ ಅದರಲ್ಲೇ ಅಂಟಿಸಿ. ಎರಡು ಮೂರು ಚೀಟಿಗಳಲ್ಲಿ ಹೈಡ್ರೋಕಾರ್ಬನ್ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿರುವುದು ಕಂಡರೆ, ಆ ನೋಟ್‌ಬುಕ್ಕನ್ನೇ ಮೆಕ್ಯಾನಿಕ್ಕಿನ ಕೈಗೆ ಕೊಡಿ.