ಬಾಗಿಲ ಬಳಿಯ ತಟ್ಟೆ

(ಶಿವಮೊಗ್ಗದ ಸಭೆಯೊಂದರಲ್ಲಿ ದಯಪಾಲಿಸಿದ ಆಶೀರ್ವಚನದ ಬರಹರೂಪ)



ಇಂದು ದೊಡ್ಡ ತತ್ತ್ವವೇನನ್ನೂ ನಾವು ಹೇಳಹೊರಟಿಲ್ಲ. ಒಂದು ನಾಯಿಯ ವಿಷಯ ಹೇಳಬೇಕಾಗಿದೆ. ನಗಬೇಡಿ. ಆ ನಾಯಿಯ ವಿಷಯದಲ್ಲಿ ನಾವು ಒಂದು ತಪ್ಪು ಮಾಡಿದೆವು. ಅದನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು.

ಭದ್ರಾವತಿಯಿಂದ ನಮ್ಮ ಭಕ್ತರೊಬ್ಬರು ಬಂದಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತು ದುಡಿದ ಜೀವ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅವರ ಜೊತೆಗೆ ಇದ್ದದ್ದು ಕರಿಯ ಎಂಬ ಏಳು ತಿಂಗಳ ನಾಯಿ. ಅದು ಸತ್ತು ನಾಲ್ಕು ದಿನವಾಗಿತ್ತು. ನಮ್ಮ ಮುಂದೆ ಕುಳಿತು ಚಿಕ್ಕ ಮಗುವಿನಂತೆ ಅತ್ತರು. ನಾವು ಏನು ಹೇಳಿದೆವು? "ಹುಟ್ಟಿದ್ದು ಹೋಗಲೇಬೇಕಲ್ಲಪ್ಪಾ, ಒಂದು ನಾಯಿಗೆ ಇಷ್ಟು ಮೋಹವೇ? ನಾಳೆಯೇ ಇನ್ನೊಂದು ಮರಿ ತಂದುಕೊಳ್ಳಿ" ಎಂದುಬಿಟ್ಟೆವು. ನೂರು ಜನಕ್ಕೆ ಹೇಳಿ ಹೇಳಿ ಬಾಯಿಪಾಠವಾದ ಮಾತು. ಅವರು "ಆಗಲಿ ಬುದ್ಧಿ" ಎಂದು ನಮಸ್ಕರಿಸಿ ಎದ್ದು ಹೋದರು. ಪ್ರಸಾದಕ್ಕೂ ನಿಲ್ಲಲಿಲ್ಲ.

ದಾಸೋಹದ ಮನೆಯಲ್ಲಿ ಬಡಿಸುವ ತಾಯಿಯೊಬ್ಬರು ಸಂಜೆ ನಮ್ಮ ಬಳಿ ಬಂದು ಹೇಳಿದರು: "ಬುದ್ಧಿ, ಅವರು ಅತ್ತದ್ದು ನಾಯಿ ಸತ್ತಿತು ಅಂತ ಮಾತ್ರ ಅಲ್ಲ. ತಮ್ಮಿಂದಲೇ ಸತ್ತಿತು ಅಂತ."

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಭದ್ರಾವತಿ ಎಷ್ಟು ದೂರ? ಇಪ್ಪತ್ತು ಕಿಲೋಮೀಟರಿನಷ್ಟು. ಮರುದಿನ ಹೋದೆವು. ಬಾಗಿಲ ಬಳಿ ಒಂದು ಅಲ್ಯೂಮಿನಿಯಂ ತಟ್ಟೆ ಹಾಗೇ ಇತ್ತು. ಅದನ್ನು ಎತ್ತಿಡಲು ಆ ತಾಯಿಗೆ ಕೈ ಬಂದಿರಲಿಲ್ಲ. ನಾವು ಉಪದೇಶ ಮಾಡದೆ ಸುಮ್ಮನೆ ಕುಳಿತೆವು. ಆಗ ಎಲ್ಲವನ್ನೂ ಹೇಳಿದರು.

ಮರಿಯನ್ನು ತಂದಾಗ ಮೊದಲ ಚುಚ್ಚುಮದ್ದು ಹಾಕಿಸಿದ್ದರು. ಮೂರು ವಾರ ಬಿಟ್ಟು ಮತ್ತೆ ತರಲು ಹೇಳಿದ್ದರಂತೆ. ಆ ವಾರ ನೆಂಟರ ಮನೆಯ ಮದುವೆ. ಒಂದು ಹಾಕಿಸಿದ್ದೇವಲ್ಲ, ಸಾಕು ಎಂದುಕೊಂಡರು. ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ನಾಯಿ ಅನ್ನ ಮುಟ್ಟಲಿಲ್ಲ. ವಾಂತಿ, ಸಂಜೆಗೆ ರಕ್ತಭೇದಿ. ಆಟೋದಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ಶಿವಮೊಗ್ಗಕ್ಕೆ ತಂದರು. ಡಾಕ್ಟರು ಗ್ಲೂಕೋಸ್ ಏರಿಸಿದರು, ಮಾಡುವುದನ್ನೆಲ್ಲ ಮಾಡಿದರು. ಮೂರನೆಯ ದಿನ ಹೋಯಿತು.

ಪಾರ್ವೊ ಎಂಬುದು ಆ ರೋಗದ ಹೆಸರು. 1978ರ ಸುಮಾರಿಗೆ ಕಾಣಿಸಿಕೊಂಡು ಒಂದೆರಡು ವರ್ಷಗಳಲ್ಲಿ ಪ್ರಪಂಚವನ್ನೇ ಸುತ್ತಿತು. ಮನುಷ್ಯರಿಗೆ ತಗಲುವುದಿಲ್ಲ. ನಾಯಿಯ ಕರುಳಿನ ಒಳಪದರವನ್ನು ಕಿತ್ತುಹಾಕುತ್ತದೆ. ಒಂದು ಸೂಜಿ ಏಕೆ ಸಾಲದು ಎಂದು ನಾವು ಪಶುವೈದ್ಯರೊಬ್ಬರನ್ನು ಕೇಳಿದೆವು. ಅವರು ಹೇಳಿದ್ದು ನಮಗೆ ಬಹಳ ಹಿಡಿಸಿತು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಕೆಲವು ವಾರ ಇರುತ್ತದೆ; ಅದು ಇರುವಷ್ಟು ದಿನ ಚುಚ್ಚುಮದ್ದಿನ ಶಕ್ತಿಯನ್ನೂ ಅದೇ ತಡೆದುಬಿಡುತ್ತದೆ. ಅದು ಯಾವಾಗ ಇಳಿಯುತ್ತದೆಂದು ಹೊರಗಿನಿಂದ ತಿಳಿಯದು. ಆದ್ದರಿಂದ ಆರೆಂಟು ವಾರಕ್ಕೆ ಶುರುಮಾಡಿ, ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಿಸಬೇಕು. ನೋಡಿ, ತಾಯಿಯ ಪ್ರೀತಿಗೂ ಒಂದು ಅವಧಿ ಇಟ್ಟಿದ್ದಾನೆ ಶಿವ! ಆ ಮೇಲೆ ಸಾಕಿದವರ ಸರದಿ.

ಇನ್ನೊಂದು ಮಾತು ಕೇಳಿ ನಾವು ನಡುಗಿದೆವು. ಆ ವಿಷ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಸಲ ವರ್ಷದವರೆಗೂ ಉಳಿಯುತ್ತದಂತೆ. ನಮ್ಮ ಮಾತು ಕೇಳಿ ಅವರು ಮರುದಿನವೇ ಎಳೆಮರಿಯೊಂದನ್ನು ತಂದಿದ್ದರೆ? ಅದೂ ಅದೇ ತಟ್ಟೆಯ ಮುಂದೆ ಸಾಯಬಹುದಿತ್ತು. ಸಮಾಧಾನವೆಂದು ನಾವು ಕೊಟ್ಟದ್ದು ಅಂಥಾದ್ದು.

ನಾಯಿಗೆ ಅಳುವುದು ಅಲ್ಪತನವೆಂದು ನೀವು ತಿಳಿಯಬಾರದು. ಧರ್ಮರಾಯನ ನಾಯಿಯ ಕಥೆ ನಿಮಗೆಲ್ಲ ಗೊತ್ತು, ಅದನ್ನು ಬಿಡೋಣ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 950ರ ಒಂದು ಶಾಸನವಿತ್ತು. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಮಣಲೇರನೆಂಬ ವೀರನ ಶೌರ್ಯಕ್ಕೆ ಮೆಚ್ಚಿ ಅರಸನು ಬೇಕಾದ್ದನ್ನು ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಒಟ್ಟಿಗೆ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಆ ಕಲ್ಲಿನ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಡಿಸಿದ. ರಣರಂಗ ಕಂಡ ಗಂಡಾಳು ನಾಯಿಗಾಗಿ ಹಾಗೆ ಮಾಡಿದ ಮೇಲೆ, ಕಬ್ಬಿಣ ಕಾಯಿಸಿದ ನಮ್ಮ ಭಕ್ತರು ಅತ್ತರೆ ಯಾವ ಲೋಪ?

"ಇನ್ನೊಂದನ್ನು ತಂದರೆ ಕರಿಯನಿಗೆ ದ್ರೋಹವಾಗುತ್ತದೆ ಬುದ್ಧಿ" ಎಂದರು ಆ ತಾಯಿ. ಆಗ ಅವರಿಗೆ ದಾವಣಗೆರೆ ಪೊಲೀಸರ ನಾಯಿಯ ವಿಷಯ ಹೇಳಿದೆವು. ನಮ್ಮ ಹೊಳೆಯ ಹೆಸರೇ ಅದಕ್ಕೆ, ತುಂಗಾ. 2020ರಲ್ಲಿ ಪಕ್ಕದ ಚನ್ನಗಿರಿ ಸೀಮೆಯಲ್ಲಿ ಹನ್ನೆರಡು ಕಿಲೋಮೀಟರಿನಷ್ಟು ಓಡಿ ಕೊಲೆಯ ಜಾಡು ಹಿಡಿದದ್ದು. ಅದು ತೀರಿಕೊಂಡ ಮೇಲೆ ಬಂದದ್ದಕ್ಕೆ ತುಂಗಾ-2 ಎಂದು ಹೆಸರಿಟ್ಟರು. 2024ರಲ್ಲಿ ಅದೂ ಅದೇ ಸೀಮೆಯಲ್ಲಿ ಕೊಲೆಗಾರನ ಮನೆಯವರೆಗೆ ಓಡಿತು. ಎರಡು ಎಂದು ಬರೆದರು, ನೋಡಿ. ಒಂದನ್ನು ಅಳಿಸಿ ಅದರ ಮೇಲೆ ಬರೆಯಲಿಲ್ಲ.

ಆ ಮನೆಯಲ್ಲಿ ಮುಂದೆ ಆದದ್ದು ಇಷ್ಟು. ನೆಲವನ್ನು ಸೋಪಿನಿಂದ ಉಜ್ಜಿ ಬ್ಲೀಚಿಂಗ್ ನೀರಿನಿಂದ ತೊಳೆದರು; ಬರಿ ಫಿನಾಯಿಲನ್ನು ಇದಕ್ಕೆ ನಂಬುವಂತಿಲ್ಲವಂತೆ. ಅಂಗಳದ ಮಣ್ಣನ್ನು ಹಾಗೆ ತೊಳೆಯಲಾಗುವುದಿಲ್ಲವಾದ್ದರಿಂದ ಎಳೆಮರಿಯ ಆಸೆ ಬಿಟ್ಟರು. ಬೀದಿಯಲ್ಲಿ ಬೆಳೆದ ಎರಡು ವರ್ಷದ ಹೆಣ್ಣುನಾಯಿಯೊಂದಿತ್ತು, ಯಾರಿಗೂ ಬೇಡವಾದದ್ದು. ಅದಕ್ಕೆ ಪಾರ್ವೊದ್ದು, ಹುಚ್ಚುನಾಯಿ ರೋಗದ್ದು ಎಲ್ಲ ಚುಚ್ಚುಮದ್ದನ್ನೂ ಮೊದಲು ಹಾಕಿಸಿ, ವೈದ್ಯರು ಹೇಳಿದಷ್ಟು ದಿನ ಕಾದು, ಆಮೇಲೆ ಹೊಸ್ತಿಲು ದಾಟಿಸಿದರು. ಅದು ಮೊದಲ ವಾರ ಮಂಚದ ಕೆಳಗಿನಿಂದ ಹೊರಗೇ ಬರಲಿಲ್ಲವಂತೆ. ಹಳೆಯ ತಟ್ಟೆ ಈಗ ದೇವರ ಕೋಣೆಯ ಅಟ್ಟದ ಮೇಲಿದೆ. ಇದಕ್ಕೆ ಹೊಸದು ತಂದಿದ್ದಾರೆ. ಆ ತಾಯಿ ಈಗಲೂ ಮರೆತು ಕರಿಯಾ ಎಂದು ಕೂಗುತ್ತಾರೆ. ಅದು ಬಾಲ ಅಲ್ಲಾಡಿಸಿಕೊಂಡು ಬರುತ್ತದೆ.

ಮುಂದಿನ ಚುಚ್ಚುಮದ್ದಿನ ತಾರೀಖಿಗೆ ಯಜಮಾನರು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಟ್ಟಿದ್ದಾರೆ. ಇಬ್ಬರೂ ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಇವತ್ತು ಅವರು ಪ್ರಸಾದ ತೆಗೆದುಕೊಂಡೇ ಹೋಗಬೇಕು.